ಪತ್ರಿಕೆ ಹುಟ್ಟುಹಾಕಿದ ಭಕ್ತಿ, ನಮ್ಮೂರ ರಸ್ತೆಯ ಸೈಕಲ್

ಭಾನುವಾರ ಬೆಳಗಿನ ಜಾವ ಹೆಬ್ಬಾಳ, ಯಲಹಂಕ, ದೇವನಹಳ್ಳಿ ದಾಟಿ ನಂದಿಬೆಟ್ಟದ ಕಡೆ ಹೋಗುವ ರಸ್ತೆಯನ್ನು ಒಮ್ಮೆ ನೋಡಿ. ಸಾಲು ಸಾಲು ಕೆಂಪು ದೀಪ. ಮಿಣುಕು ಮಿಣುಕು ಅಂತ ಮುಂದೆ ಸಾಗುತ್ತಲೇ ಇರುತ್ತೆ. ಹತ್ತಿರ ಹೋದರೆ ಗೊತ್ತಾಗುತ್ತೆ, ಅವೆಲ್ಲ ಸೈಕಲ್‌ಗಳು. ಮೈಗಂಟಿದ ಬಟ್ಟೆ, ತಲೆಗೆ ಹೆಲ್ಮೆಟ್, ಬೆನ್ನು ಬಗ್ಗಿಸಿ ಪೆಡಲ್ ತುಳಿಯುವ ಜನ. ಬೆಂಗಳೂರಿಂದ ಸುಮಾರು ಅರವತ್ತು ಕಿಲೋಮೀಟರ್ ತುಳಿದುಕೊಂಡು ಬಂದು, ಸಮುದ್ರಮಟ್ಟದಿಂದ 1,478 ಮೀಟರ್ ಎತ್ತರದ ಬೆಟ್ಟ ಹತ್ತಿ, ಮತ್ತೆ ಅಷ್ಟೇ ದೂರ ವಾಪಸ್ ತುಳೀತಾರೆ. ಬಹುಮಾನ ಇಲ್ಲ, ಸಂಬಳ ಇಲ್ಲ. ರಜಾದಿನ ಹಾಸಿಗೆ ಬಿಟ್ಟು ಇವರೇಕೆ ಹೀಗೆ ಮೈ ದಂಡಿಸ್ತಾರೆ?

ವೀಕ್ಷಕರೇ, ಈ ಪ್ರಶ್ನೆಗೆ ಉತ್ತರ ಹುಡುಕುತ್ತಾ ಹೊರಟರೆ ನಾವು ಹೋಗಿ ನಿಲ್ಲೋದು ಪ್ಯಾರಿಸ್‌ನ ಒಂದು ಪತ್ರಿಕಾ ಕಚೇರಿಯಲ್ಲಿ! ಹೌದು, ರಸ್ತೆ ಸೈಕ್ಲಿಂಗ್ ಅನ್ನೋ ಈ ಭಕ್ತಿಯನ್ನು ಬೆಳೆಸಿದ್ದು ನಮ್ಮದೇ ವೃತ್ತಿಯ ಜನ.

1891ನೇ ಇಸವಿ. ‘ಲ ಪೆತಿ ಜೂರ್ನಾಲ್’ ಎಂಬ ಪತ್ರಿಕೆಯ ಪಿಯರ್ ಜಿಫಾರ್ ಒಂದು ಸ್ಪರ್ಧೆ ಘೋಷಿಸಿದರು. ಪ್ಯಾರಿಸ್‌ನಿಂದ ಬ್ರೆಸ್ಟ್ ಎಂಬ ಬಂದರಿಗೆ ಹೋಗಿ ವಾಪಸ್ ಪ್ಯಾರಿಸ್‌ಗೆ ಬರಬೇಕು. ಒಟ್ಟು ಸುಮಾರು 1,200 ಕಿಲೋಮೀಟರ್. ಗಾಳಿ ತುಂಬಿದ ಟೈರನ್ನು ಡನ್‌ಲಪ್ ತಂದು ಆಗಿನ್ನೂ ಮೂರೇ ವರ್ಷ. ಶಾರ್ಲ್ ತೆರಾಂ ಎಂಬಾತ ನಿದ್ದೆಗೆಟ್ಟು 71 ಗಂಟೆ ಚಿಲ್ಲರೆಯಲ್ಲಿ ಮುಗಿಸಿ ಗೆದ್ದ. ಮುಂದೆ 1903ರಲ್ಲಿ ‘ಲೋಟೊ’ ಎಂಬ ಕ್ರೀಡಾಪತ್ರಿಕೆ ತನ್ನ ಪ್ರಸಾರ ಹೆಚ್ಚಿಸಿಕೊಳ್ಳೋಕೆ ಹೂಡಿದ ಉಪಾಯವೇ ಟೂರ್ ಡಿ ಫ್ರಾನ್ಸ್. ಮೊದಲ ವರ್ಷ ಹೊರಟವರು 60 ಜನ, ಮುಗಿಸಿದವರು 21. ಇವತ್ತಿಗೂ ಮುಂಚೂಣಿಯಲ್ಲಿರೋ ಸವಾರನಿಗೆ ಹಳದಿ ಅಂಗಿ ತೊಡಿಸ್ತಾರಲ್ಲ? ಆ ಪತ್ರಿಕೆ ಅಚ್ಚಾಗ್ತಿದ್ದ ಕಾಗದದ ಬಣ್ಣವೂ ಹಳದಿಯೇ.

ಪತ್ರಿಕೆಗಳಿಗೆ ಬೇಕಿದ್ದದ್ದು ಮಾರಾಟ. ಆದರೆ ಜನರಿಗೆ ಸಿಕ್ಕಿದ್ದು ಕಥೆಗಳು. 1913ರ ಟೂರ್‌ನಲ್ಲಿ ಯೂಜೀನ್ ಕ್ರಿಸ್ತೋಫ್ ಎಂಬ ಸವಾರನ ಮುಂಚಕ್ರದ ಫೋರ್ಕ್ ಬೆಟ್ಟದ ದಾರಿಯಲ್ಲಿ ಮುರಿದುಹೋಯಿತು. ಯಾರ ಸಹಾಯವನ್ನೂ ಪಡೆಯುವಂತಿಲ್ಲ ಅನ್ನೋದು ಆಗಿನ ನಿಯಮ. ಆತ ಸೈಕಲ್ ಹೆಗಲಿಗೇರಿಸಿಕೊಂಡು ಕಿಲೋಮೀಟರ್‌ಗಟ್ಟಲೆ ನಡೆದು, ಬೆಟ್ಟದ ಬುಡದ ಹಳ್ಳಿಯ ಕುಲುಮೆಯಲ್ಲಿ ತಾನೇ ಕಬ್ಬಿಣ ಕಾಯಿಸಿ, ಬಡಿದು ಫೋರ್ಕ್ ಸರಿ ಮಾಡಿದ. ಇಷ್ಟೆಲ್ಲ ಮಾಡಿದವನಿಗೆ ಸಿಕ್ಕಿದ್ದೇನು ಗೊತ್ತಾ? ದಂಡ! ತಿದಿ ಒತ್ತೋಕೆ ಒಬ್ಬ ಹುಡುಗನ ಸಹಾಯ ತಗೊಂಡ ಅಂತ! ಅವತ್ತು ಆತ ಗೆಲ್ಲಲಿಲ್ಲ. ಆದರೆ ನೂರು ವರ್ಷ ದಾಟಿದರೂ ಸೈಕಲ್ ಪ್ರಿಯರು ಅವನ ಹೆಸರು ಮರೆತಿಲ್ಲ.

ಆ ಸ್ವಾವಲಂಬನೆಯ ನಿಯಮ ಇವತ್ತಿಗೂ ‘ಬ್ರೆವೆ’ ಎಂಬ ದೂರದ ಸವಾರಿಗಳಲ್ಲಿ ಉಳಿದಿದೆ. ಬೆಂಗಳೂರಿನಲ್ಲೂ ಇದನ್ನು ನಡೆಸುವ ಕ್ಲಬ್ ಇದೆ. 200 ಕಿಲೋಮೀಟರಿಗೆ ಹದಿಮೂರೂವರೆ ಗಂಟೆ, 300ಕ್ಕೆ 20 ಗಂಟೆ, 400ಕ್ಕೆ 27, 600ಕ್ಕೆ 40 ಗಂಟೆ. ದಾರಿಯಲ್ಲಿ ಪಂಕ್ಚರ್ ಆದರೆ ನೀವೇ ಹಾಕ್ಕೋಬೇಕು. ಹಿಂದೆ ಹಿಂದೆ ಕಾರು ಬರೋ ಹಾಗಿಲ್ಲ. ಮೊದಲು ಬಂದವನಿಗೂ ಕೊನೆಗೆ ಬಂದವನಿಗೂ ಒಂದೇ ಮರ್ಯಾದೆ, ಯಾಕಂದ್ರೆ ಇದು ರೇಸ್ ಅಲ್ಲ. ಈ ನಾಲ್ಕನ್ನೂ ಒಂದೇ ವರ್ಷದಲ್ಲಿ ಮುಗಿಸಿದವರನ್ನು ‘ಸೂಪರ್ ರ್‍ಯಾಂಡನರ್’ ಅಂತ ಕರೀತಾರೆ. ನಾಲ್ಕು ವರ್ಷಕ್ಕೊಮ್ಮೆ ನಡೆಯೋ ಪ್ಯಾರಿಸ್-ಬ್ರೆಸ್ಟ್-ಪ್ಯಾರಿಸ್‌ಗೆ ಹೋಗಬೇಕು ಅನ್ನುವವರು ಈ ಮೆಟ್ಟಿಲು ಹತ್ತಲೇಬೇಕು. ಅಲ್ಲಿ ಕಾಲಾವಕಾಶ 90 ಗಂಟೆ. 1891ರ ಅದೇ ದಾರಿಯ ನೆನಪಿಗೆ ನಮ್ಮ ಸಾಫ್ಟ್‌ವೇರ್ ಹುಡುಗರು, ಡಾಕ್ಟರುಗಳು, ಮೇಷ್ಟ್ರುಗಳು ಇವತ್ತಿಗೂ ಬೆವರು ಹರಿಸ್ತಾರೆ.

ಇದೆಲ್ಲ ಫಾರಿನ್ ಶೋಕಿ ಅಂತೀರಾ? ತಡೀರಿ. 1923ರ ಅಕ್ಟೋಬರ್‌ನಲ್ಲಿ ಬಾಂಬೆಯಿಂದ ಆರು ಮಂದಿ ಪಾರ್ಸಿ ಯುವಕರು ಸೈಕಲ್ ಮೇಲೆ ಜಗತ್ತು ಸುತ್ತಲು ಹೊರಟರು. ಅವರಲ್ಲಿ ಆದಿ ಹಕೀಮ್, ಜಾಲ್ ಬಾಪಾಸೋಲಾ, ರುಸ್ತುಂ ಭುಮಗಾರಾ ಈ ಮೂವರು 1928ರಲ್ಲಿ ಯಾತ್ರೆ ಮುಗಿಸಿ ಊರಿಗೆ ವಾಪಸ್ ಬಂದರು. ಗೇರ್ ಸೈಕಲ್ಲೂ ಇಲ್ಲ, ಜಿಪಿಎಸ್ಸೂ ಇಲ್ಲ. ಮರುಭೂಮಿ, ಹಿಮ, ಕಾಡು ಎಲ್ಲವನ್ನೂ ದಾಟಿದ್ದು ಕಾಲಿನ ಬಲದಿಂದಲೇ.

ಈಗ ನಮ್ಮ ಜಿಲ್ಲೆಗೆ ಬರೋಣ. ಮ್ಯಾಪ್ ತೆಗೆದು ನೋಡಿ. ಗೌರಿಬಿದನೂರು, ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ. ನಾಲ್ಕೂ ಒಂದೇ ರಸ್ತೆಗೆ ಪೋಣಿಸಿದ ಮಣಿಗಳ ಹಾಗಿವೆ. ಹಿಂದೆ ಇದನ್ನು ರಾಷ್ಟ್ರೀಯ ಹೆದ್ದಾರಿ 234 ಅಂತಿದ್ದರು. ಮಂಗಳೂರಿನಿಂದ ಘಟ್ಟ ಹತ್ತಿ ತಮಿಳುನಾಡಿನ ವಿಲ್ಲುಪುರಂವರೆಗೆ ಹೋಗುತ್ತಿದ್ದ ದಾರಿ. ಬೆಂಗಳೂರಿನ ಸೈಕಲ್ ಪ್ರಿಯರಿಗೆ ಇದು ಬೆಟ್ಟ, ದ್ರಾಕ್ಷಿ ತೋಟ, ತಣ್ಣನೆ ಗಾಳಿಯ ದಾರಿ. ಆದರೆ ಲೈಕ್ರಾ ಬಟ್ಟೆ ಬರೋಕೆ ಎಷ್ಟೋ ದಶಕ ಮೊದಲೇ ಈ ರಸ್ತೆಗೆ ಅದರದ್ದೇ ಆದ ಸೈಕಲ್ ಸಂಸ್ಕೃತಿ ಇತ್ತು.

ಕ್ಯಾರಿಯರ್‌ನ ಎರಡೂ ಬದಿ ಹಾಲಿನ ಕ್ಯಾನು ಕಟ್ಟಿಕೊಂಡು ಡೇರಿಗೆ ಓಡುವ ಸೈಕಲ್. ಶಿಡ್ಲಘಟ್ಟದ ರೇಷ್ಮೆ ಮಾರುಕಟ್ಟೆಗೆ ಗೂಡಿನ ಮೂಟೆ ಹೊತ್ತ ಸೈಕಲ್. ಹುಳುಗಳಿಗೆ ಹಿಪ್ಪುನೇರಳೆ ಸೊಪ್ಪಿನ ಹೊರೆ ತರುವ ಸೈಕಲ್. ಪೇಪರ್ ಹಾಕುವ ಹುಡುಗನ ಸೈಕಲ್. ಗಂಟೆ ಲೆಕ್ಕದಲ್ಲಿ ಬಾಡಿಗೆ ಸೈಕಲ್ ತಗೊಂಡು, ಸೀಟು ಎಟುಕದೆ ಬಾರ್ ಕೆಳಗೆ ಕಾಲು ತೂರಿಸಿ ತುಳಿದು ಕಲಿತ ತಲೆಮಾರು ಇನ್ನೂ ನಮ್ಮ ನಡುವೆಯೇ ಇದೆ. ಸೈಕಲ್ಲಿಗೂ ಪುರಸಭೆಯ ಲೈಸೆನ್ಸ್ ಬಿಲ್ಲೆ ಬೇಕಿತ್ತು. ರಾತ್ರಿ ಲೈಟ್ ಇಲ್ಲದಿದ್ದರೆ, ಡಬಲ್ಸ್ ಹೋದರೆ ಪೊಲೀಸರು ಹಿಡೀತಿದ್ದರು. ಹೊಸ ಸೈಕಲ್ ಮನೆಗೆ ಬಂದರೆ ಅರಿಶಿನ ಕುಂಕುಮ, ಹ್ಯಾಂಡಲ್ಲಿಗೆ ಹೂವು, ಚಕ್ರಕ್ಕೆ ನಿಂಬೆಹಣ್ಣು. ಆಯುಧಪೂಜೆಯಲ್ಲಿ ಇವತ್ತಿಗೂ ಲಾರಿಯ ಪಕ್ಕ ಸೈಕಲ್ಲೂ ನಿಲ್ಲುತ್ತೆ. ಭಕ್ತಿ ಅಂದ್ರೆ ಇದೂ ಭಕ್ತಿಯೇ ಅಲ್ವಾ?

ನಾನು ಓದಿದ್ದು ಇಂಜಿನಿಯರಿಂಗ್. ಹಾಗಾಗಿ ಒಂದು ಸಣ್ಣ ಲೆಕ್ಕ ಹಾಕ್ತೀನಿ, ಬೇಜಾರಾಗಬೇಡಿ. ಅಂತಾರಾಷ್ಟ್ರೀಯ ರೇಸ್‌ಗಳಲ್ಲಿ ಸೈಕಲ್ ಕನಿಷ್ಠ 6.8 ಕೆಜಿ ಇರಬೇಕು ಅಂತ ನಿಯಮ. ಯಾಕೆ? ಅದಕ್ಕಿಂತ ಹಗುರ ಮಾಡೋಕೆ ಕಂಪನಿಗಳು ತುದಿಗಾಲಲ್ಲಿ ನಿಂತಿರ್ತವೆ. ನಮ್ಮ ಹಳೇ ಕಬ್ಬಿಣದ ಸೈಕಲ್ ಸುಮಾರು 20 ಕೆಜಿ. ಅದರ ಮೇಲೆ ಇಪ್ಪತ್ತು ಲೀಟರಿನ ಎರಡು ಕ್ಯಾನು ಹಾಲು ಅಂದ್ರೆ ಇನ್ನೂ 40 ಕೆಜಿಗಿಂತ ಜಾಸ್ತಿ. ಬೆಟ್ಟ ಹತ್ತೋನು 7 ಕೆಜಿ ಸೈಕಲ್ಲಿಗೆ ಇಪ್ಪತ್ತು ಚಿಲ್ಲರೆ ಗೇರ್ ಇಟ್ಟುಕೊಂಡಿರ್ತಾನೆ. ಹಾಲಿನೋನು 60 ಕೆಜಿ ಭಾರವನ್ನು ಒಂದೇ ಗೇರಿನಲ್ಲಿ ತುಳೀತಾನೆ. ಒಬ್ಬರನ್ನು ಇಳಿಸಿ ಇನ್ನೊಬ್ಬರನ್ನು ಏರಿಸೋಕೆ ಈ ಮಾತು ಹೇಳ್ತಿಲ್ಲ. ತೊಡೆ ಉರಿಯೋದು ಇಬ್ಬರಿಗೂ ಒಂದೇ. ಏರಿನಲ್ಲಿ ಉಸಿರು ಸಿಕ್ಕಿಹಾಕಿಕೊಳ್ಳೋದೂ ಒಂದೇ. ಹಿಂದಿನಿಂದ ಲಾರಿ ಹಾರ್ನ್ ಹೊಡೆದಾಗ ಬೆನ್ನುಹುರಿಯಲ್ಲಿ ಹರಿಯೋ ಚಳಿಯೂ ಒಂದೇ.

ಅಸಲಿ ವಿಷಯ ಇರೋದು ಇಲ್ಲಿ. ರಸ್ತೆ ಅಗಲ ಆಗ್ತಾ ಆಗ್ತಾ ಸೈಕಲ್ಲಿನ ಜಾಗ ಚಿಕ್ಕದಾಯಿತು. ಡಾಂಬರಿನ ಅಂಚಿಗೆ ಬಿಳಿ ಗೆರೆ, ಗೆರೆಯಾಚೆ ಮರಳು, ಜಲ್ಲಿ, ಗುಂಡಿ. 2006-07ರಲ್ಲಿ ರಾಜ್ಯ ಸರ್ಕಾರ ಎಂಟನೇ ಕ್ಲಾಸಿನ ಮಕ್ಕಳಿಗೆ ಉಚಿತ ಸೈಕಲ್ ಕೊಡೋ ಯೋಜನೆ ತಂದಿತು. ಹಳ್ಳಿಯಲ್ಲಿ ಏಳನೇ ಕ್ಲಾಸಿಗೆ ಶಾಲೆ ಮುಗಿದು, ಹೈಸ್ಕೂಲು ದೂರ ಅಂತ ಮನೆಯಲ್ಲೇ ಉಳಿಯುತ್ತಿದ್ದ ಹೆಣ್ಣುಮಕ್ಕಳಿಗೆ ಆ ಸೈಕಲ್ ಬಾಗಿಲು ತೆರೆಯಿತು. ಕೊರೊನಾ ಕಾಲದಲ್ಲಿ ವಿತರಣೆ ನಿಂತಿತು. ಆ ಸೈಕಲ್ ತುಳಿದ ಹುಡುಗಿಗೆ ಚಕ್ರವೇನೋ ಸಿಕ್ಕಿತ್ತು. ಅದನ್ನು ಉರುಳಿಸೋಕೆ ಸುರಕ್ಷಿತ ದಾರಿ?

ಇಲ್ಲೂ ಒಬ್ಬ ಪತ್ರಕರ್ತನ ಕಥೆ ಇದೆ. ಇವತ್ತು ಸೈಕಲ್‌ಗಳ ಸ್ವರ್ಗ ಅಂತ ಕರೆಸಿಕೊಳ್ಳೋ ನೆದರ್ಲೆಂಡ್ಸ್ ಮೊದಲಿನಿಂದಲೂ ಹಾಗಿರಲಿಲ್ಲ. 1971ರ ಒಂದೇ ವರ್ಷದಲ್ಲಿ ಅಲ್ಲಿ ರಸ್ತೆ ಅಪಘಾತಗಳಿಗೆ ಮೂರು ಸಾವಿರಕ್ಕೂ ಹೆಚ್ಚು ಜನ ಬಲಿಯಾದರು. ಅವರಲ್ಲಿ ನಾನೂರಕ್ಕೂ ಹೆಚ್ಚು ಮಕ್ಕಳು. ಹಾಗೆ ತೀರಿಕೊಂಡವಳಲ್ಲಿ ಒಬ್ಬಳು ವಿಕ್ ಲಾಂಗನ್‌ಹಾಫ್ ಎಂಬ ಪತ್ರಕರ್ತನ ಪುಟ್ಟ ಮಗಳು. ಆತ 1972ರಲ್ಲಿ ತನ್ನ ಪತ್ರಿಕೆಯಲ್ಲಿ ಲೇಖನ ಬರೆದ. ತಲೆಬರಹ: ‘ಮಕ್ಕಳ ಕೊಲೆ ನಿಲ್ಲಿಸಿ’. ಆ ತಲೆಬರಹವೇ ಚಳವಳಿಯ ಹೆಸರಾಯಿತು. ತಾಯಂದಿರು ಮಕ್ಕಳ ಜೊತೆ ಬೀದಿಗೆ ಕೂತರು. ಸೈಕಲ್ ಸಂಘಟನೆಗಳು ದನಿಗೂಡಿಸಿದವು. ಸರ್ಕಾರ ಮಣಿಯಿತು, ಸೈಕಲ್ಲಿಗೆ ಬೇರೆಯದೇ ದಾರಿ ಬಂತು. ಪುಕ್ಕಟೆ ಬರಲಿಲ್ಲ ಸ್ವಾಮಿ, ಕೇಳಿದ್ದಕ್ಕೆ ಬಂತು.

ನಮ್ಮಲ್ಲಿ ಯಾರು ಕೇಳಬೇಕು? ಹಾಲಿನ ಸೈಕಲ್ಲಿನೋನಿಗೆ ಡೇರಿ ಹೊತ್ತು ಮೀರುತ್ತೆ, ಶಾಲೆಯ ಹುಡುಗಿಯ ಮಾತು ಯಾವ ಕಚೇರಿಯಲ್ಲೂ ನಡೆಯಲ್ಲ. ಆದರೆ ಭಾನುವಾರದ ಸವಾರರಿಗೆ ಓದು ಇದೆ, ಸಂಪರ್ಕ ಇದೆ, ಅರ್ಜಿ ಬರೆಯೋ ಭಾಷೆ ಇದೆ, ರಸ್ತೆಯ ಒಂದೊಂದು ಗುಂಡಿಯೂ ಬಾಯಿಪಾಠ. ಅವರಲ್ಲಿ ಒಬ್ಬ ಬಿದ್ದರೆ ಉಳಿದವರೆಲ್ಲ ನಿಲ್ತಾರೆ, ಪರಿಚಯವೇ ಇಲ್ಲದವನಿಗೂ ಟ್ಯೂಬು ಕೊಡ್ತಾರೆ, ನೀರು ಕೊಡ್ತಾರೆ. ಅವರ ಬಳಗದ ದೊಡ್ಡ ಗುಣ ಅದು. ಆ ಬಳಗದೊಳಗೆ ಗೂಡಿನ ಮೂಟೆಯ ಸೈಕಲ್ಲನ್ನೂ, ಸ್ಕೂಲ್ ಬ್ಯಾಗಿನ ಸೈಕಲ್ಲನ್ನೂ ಸೇರಿಸಿಕೊಳ್ಳಿ ಅನ್ನೋದಷ್ಟೇ ನನ್ನ ಮನವಿ. ಗೌರಿಬಿದನೂರಿನಿಂದ ಚಿಂತಾಮಣಿವರೆಗೆ ರಸ್ತೆಯಂಚಿನಲ್ಲಿ ಎರಡು ಮೀಟರ್ ಗಟ್ಟಿ ಜಾಗ, ಊರು ಬಂದಲ್ಲಿ ವೇಗಕ್ಕೆ ಕಡಿವಾಣ, ಹೈಸ್ಕೂಲುಗಳ ಮುಂದೆ ಬೆಳಕು. ಇಷ್ಟನ್ನು ಕೇಳೋಣ. ಕೇಳೋ ಕಡೆ ಕ್ಯಾಮೆರಾ ಇಡೋದು ನಮ್ಮ ಕೆಲಸ.

ಪತ್ರಿಕೆಯೊಂದು ಸೈಕಲ್ ಓಟ ಹುಟ್ಟುಹಾಕಬಹುದಾದರೆ, ಇನ್ನೊಂದು ಪತ್ರಿಕೆ ಸೈಕಲ್ ದಾರಿ ಹುಟ್ಟುಹಾಕಬಹುದಾದರೆ, ಟಿವಿಗೆ ಅದು ಯಾಕೆ ಸಾಧ್ಯವಿಲ್ಲ?