ಹಲಗೂರಿನ ಬಾಗಿಲಲ್ಲಿ ಸಿದ್ದಪ್ಪಾಜಿ

ಬೆಂಗಳೂರಿನ ಐಟಿ ಆಫೀಸುಗಳಲ್ಲಿ ಈಗ ಸ್ಟೋಯಿಕ್ ತತ್ವದ ಸೀಸನ್ನು. ಲೇಆಫ್ ಸುದ್ದಿ ಬಂದಾಗಲೆಲ್ಲ ಯಾರಾದರೊಬ್ಬರು ಮಾರ್ಕಸ್ ಆರೇಲಿಯಸ್‌ನ ಹೆಸರು ತೆಗೀತಾರೆ. ತಪ್ಪೇನಿಲ್ಲ, ಅವನ 'ಮೆಡಿಟೇಷನ್ಸ್' ನನ್ನ ಫೋನಲ್ಲೂ ಇದೆ. ನಿನ್ನ ಕೈಲಿರೋದು ಯಾವುದು, ಇಲ್ಲದ್ದು ಯಾವುದು ಅಂತ ವಿಂಗಡಿಸಿಕೋ, ಕೈಲಿಲ್ಲದ್ದಕ್ಕೆ ಕೊರಗಬೇಡ ಅನ್ನೋದು ಆ ಪಂಥದ ತಿರುಳು. ಹೇಳಿದವರೂ ಸುಖದಲ್ಲಿ ಕೂತು ಹೇಳಿದವರಲ್ಲ. ಕ್ರಿ.ಪೂ. 300ರ ಸುಮಾರಿಗೆ ಅಥೆನ್ಸಿನಲ್ಲಿ ಅದನ್ನು ಶುರು ಮಾಡಿದ ಜೀನೋ, ಹಡಗು ಒಡೆದು ಸರಕು ಕಳಕೊಂಡ ವ್ಯಾಪಾರಿ ಅಂತ ಕಥೆ ಇದೆ. ಎಪಿಕ್ಟೀಟಸ್ ರೋಮಿನಲ್ಲಿ ಗುಲಾಮನಾಗಿದ್ದವನು. ಮಾರ್ಕಸ್ ಚಕ್ರವರ್ತಿ ನಿಜ, ಆದರೆ ಅವನ ಕಾಲವೆಲ್ಲ ಯುದ್ಧ ಮತ್ತು ಸಾಂಕ್ರಾಮಿಕ ರೋಗ.

ನಮ್ಮೂರು ಯಳಂದೂರು ತಾಲ್ಲೂಕಿನ ಮಾಂಬಳ್ಳಿ. ಕಷ್ಟ ತಡಕೊಳ್ಳೋ ಪಾಠಕ್ಕೆ ಈ ಸೀಮೆಯ ಜನ ರೋಮಿಗೆ ಹೋಗಬೇಕಾಗಿರಲಿಲ್ಲ. ನೀಲಗಾರರು ತಂಬೂರಿ, ಗಗ್ಗರ ಹಿಡಿದು ಮನೆ ಬಾಗಿಲಿಗೆ ಬಂದು ಮಂಟೇಸ್ವಾಮಿ ಕಾವ್ಯ ಹಾಡೋರು. ರಾತ್ರಿಯಿಡೀ ಹಾಡಿದರೂ ಮುಗಿಯದ ಕಥೆ. ಅದರಲ್ಲಿ ಕೆಂಪಾಚಾರಿ ಅನುಕೂಲಸ್ಥ ಅಕ್ಕಸಾಲಿ–ಕಮ್ಮಾರ ಕುಲದ ಹುಡುಗ. ಮಂಟೇಸ್ವಾಮಿ ಅವನನ್ನು ಶಿಷ್ಯನಾಗಿ ಪಡೆದು ಹನ್ನೆರಡು ವರ್ಷ ಗವಿಯೊಳಗೆ ಕೂಡಿಹಾಕ್ತಾನೆ. ಹೊರಗೆ ಬಂದಾಗ ಅವನು ಸಿದ್ದಪ್ಪಾಜಿ.

ಇಲ್ಲಿಗೇ ನಿಂತಿದ್ದರೆ ಇದೂ ಇನ್ನೊಂದು 'ರೆಸಿಲಿಯೆನ್ಸ್' ಕಥೆ ಆಗೋದು. ಗುರು ಅವನನ್ನು ಹಲಗೂರಿಗೆ ಅಟ್ಟುತ್ತಾನೆ, ಅಲ್ಲಿಯ ಪಾಂಚಾಳರಿಂದ ಕಬ್ಬಿಣದ ಭಿಕ್ಷೆ ತಾ ಅಂತ. ಒಂದು ಕಾಲಕ್ಕೆ ತನ್ನ ಕುಲದವರೇ ಆದವರ ಮುಂದೆ ಈಗ ಜೋಳಿಗೆ ಒಡ್ಡಬೇಕು. ಅವರು ಕೊಡಲ್ಲ. ಹೀಯಾಳಿಸ್ತಾರೆ, ಪರೀಕ್ಷೆ ಒಡ್ಡುತ್ತಾರೆ, ಕೊನೆಗೆ ವಿಷ ಕುಡಿಸ್ತಾರೆ. ಕುಡಿದು ಅರಗಿಸಿಕೊಂಡು ಅವನು ಕಬ್ಬಿಣವನ್ನೇ ಕೇಳ್ತಾನೆ. ನನಗೆ ಈ ಕಥೆಯಲ್ಲಿ ಮುಖ್ಯ ಅನ್ನಿಸೋದು ವಿಷವಲ್ಲ, ಆಮೇಲೂ ಬಾಗಿಲು ಬಿಟ್ಟು ಕದಲದೆ ಇದ್ದದ್ದು. ತಡಕೊಂಡ ಅಂದರೆ ಒಪ್ಪಿಕೊಂಡ ಅಂತ ಅಲ್ಲ. ಸ್ಟೋಯಿಕರೂ ಸಮಾಜದ ಕರ್ತವ್ಯದ ಮಾತು ಸಾಕಷ್ಟು ಆಡಿದ್ದಾರೆ; ನಮ್ಮ ಆಫೀಸಿನ ಸ್ಲೈಡುಗಳಿಗೆ ಬರೋ ಹೊತ್ತಿಗೆ ಆ ಭಾಗ ಉದುರಿಹೋಗಿ, 'ಸಂಬಳ ಯಾಕೆ ಏರಿಲ್ಲ ಅಂತ ಕೇಳಬೇಡಿ, ಉಸಿರಾಟ ಗಮನಿಸಿ' ಅನ್ನೋದಷ್ಟೇ ಉಳಿದಿದೆ!

ಈ ಹಾಡು ಎಂಥ ಕಾಲ ದಾಟಿ ಬಂದಿದೆ ನೋಡಿ. 1876–78ರ ಧಾತು–ಈಶ್ವರ ಬರದ ಲೆಕ್ಕ ಜನಗಣತಿಯಲ್ಲೇ ಇದೆ: 1871ರಲ್ಲಿ 50 ಲಕ್ಷ ದಾಟಿದ್ದ ಮೈಸೂರು ಸಂಸ್ಥಾನದ ಜನ, 1881ರಲ್ಲಿ 42 ಲಕ್ಷಕ್ಕಿಂತ ಕಮ್ಮಿ. ಆಗ ನಮ್ಮ ಯಳಂದೂರು ದಿವಾನ್ ಪೂರ್ಣಯ್ಯನವರ ವಂಶದ ಜಹಗೀರು, ಮೈಸೂರಿಗೆ ಸೇರಿದ್ದು. ಪಕ್ಕದ ಕೊಳ್ಳೇಗಾಲ ಮದ್ರಾಸಿನವರ ಕೊಯಮತ್ತೂರು ಜಿಲ್ಲೆಯದ್ದು, 1956ರವರೆಗೂ. ಸರ್ಕಾರ ಎರಡಾದರೂ ಕಥೆ ಎರಡೂ ಕಡೆ ಒಂದೇ. ಹಾಡೋರಲ್ಲಿ ಹೆಚ್ಚಿನವರು ದಲಿತರು. ಬರ ಬಂದರೆ ಮೊದಲು ಒಲೆ ಆರೋದು ಅವರ ಮನೇಲೇ.

ಮಾರ್ಕಸ್ ಬರೆದುಕೊಂಡದ್ದು ತನಗೋಸ್ಕರ, ಒಬ್ಬನೇ ಕೂತು. ಸಿದ್ದಪ್ಪಾಜಿಯನ್ನು ಒಬ್ಬರೇ ಕೂತು ಕೇಳೋಕೆ ಆಗಲ್ಲ. ಜನವರಿಯ ಹುಣ್ಣಿಮೆಗೆ ಶುರುವಾಗೋ ಚಿಕ್ಕಲ್ಲೂರು ಜಾತ್ರೆ ಐದು ದಿನ. ಮೊದಲ ರಾತ್ರಿ ಚಂದ್ರಮಂಡಲ ಹೊತ್ತಿಸ್ತಾರೆ, ಅದು ಉರಿಯೋ ದಿಕ್ಕು ನೋಡಿ ಮಳೆ–ಬೆಳೆ ಅಂದಾಜು ಮಾಡ್ತಾರೆ. ಮುಂದೆ ಪಂಕ್ತಿಸೇವೆ: ಬಿಡಾರ ಹೂಡಿ, ಮಾಂಸದಡುಗೆ ಮಾಡಿ, ಜಾತಿ ನೋಡದೆ ಸಾಲಾಗಿ ಕೂತು ಉಣ್ಣೋದು. ಈಚಿನ ವರ್ಷಗಳಲ್ಲಿ ಪ್ರಾಣಿಬಲಿ ನಿಷೇಧದ ಹೆಸರಲ್ಲಿ ಈ ಊಟಕ್ಕೇ ಅಡ್ಡಿ ಬಂತು. ಬಲಿ ಕೊಡೋದು ಬೇರೆ, ಒಟ್ಟಿಗೆ ಉಣ್ಣೋದು ಬೇರೆ ಅಂತ ಒಕ್ಕಲಿನವರು ಅಧಿಕಾರಿಗಳ ಮುಂದೆ ವಾದಕ್ಕೆ ನಿಂತರು.