ಕೆನ್ನೆ ಉಬ್ಬಿಸಿ ಊದಿದವಳು

ಹೈಸ್ಕೂಲಿನ ಬ್ಯಾಂಡ್‌ಸೆಟ್ಟಿಗೆ ಹುಡುಗಿಯರನ್ನೂ ಸೇರಿಸಿಕೊಂಡ ವರ್ಷ ನನ್ನ ಪಾಲಿಗೆ ಬಂದದ್ದು ಟಿಣ್ ಟಿಣ್ ಎನ್ನುವ ಮೂರು ಮೂಲೆಯ ಸರಳು. ನನ್ನ ಕಣ್ಣೆಲ್ಲ ಬ್ಯೂಗಲ್ ಮೇಲೆ. ‘ಕೆನ್ನೆ ಉಬ್ಬಿಸಿ ಊದೋದು ಹೆಣ್ಣುಮಕ್ಕಳಿಗೆ ಚೆಂದವಲ್ಲ’ ಎಂದುಬಿಟ್ಟರು ಮೇಷ್ಟ್ರು. ಮನೆಗೆ ಬಂದು ಅತ್ತರೆ ಅಜ್ಜಿಯದೂ ಅದೇ ತೀರ್ಪು. ವೀಣೆಯಾದೀತು, ಹಾರ್ಮೋನಿಯಂ ಆದೀತು, ಊದುವುದು ಮಾತ್ರ ಕೂಡದು.

ಅದಕ್ಕೇ ಇರಬೇಕು, ಟ್ರಂಪೆಟ್ ಹಿಡಿದು ನಗುತ್ತಿರುವ ವಲೇಡಾ ಸ್ನೋಳ ಹಳೆಯ ಫೋಟೋ ಕಂಡಾಗ ಪುಟ ತಿರುಗಿಸಲಾಗಲಿಲ್ಲ. ಹುಟ್ಟಿದ್ದು 1904ರಲ್ಲಿ, ಅಮೆರಿಕದ ಟೆನೆಸೀ ರಾಜ್ಯದ ಚಟನೂಗಾದಲ್ಲಿ, ಕರಿಯರ ಮನೆಯಲ್ಲಿ. ತಾಯಿ ಸಂಗೀತದ ಟೀಚರು. ಹದಿನೈದು ತುಂಬುವಷ್ಟರಲ್ಲಿ ಮಗಳಿಗೆ ವಯೊಲಿನ್, ಚೆಲ್ಲೊ, ಬ್ಯಾಂಜೊ, ಮ್ಯಾಂಡೊಲಿನ್, ಹಾರ್ಪ್, ಅಕಾರ್ಡಿಯನ್, ಕ್ಲಾರಿನೆಟ್, ಸ್ಯಾಕ್ಸೊಫೋನ್ ಎಲ್ಲವೂ ಬರುತ್ತಿದ್ದವಂತೆ. ಕದ್ರಿ ಗೋಪಾಲನಾಥರ ಸ್ಯಾಕ್ಸೊಫೋನ್ ಕೇಳಿದ ನಮಗೆ ಗೊತ್ತು, ಅದೊಂದಕ್ಕೇ ಒಂದು ಜನ್ಮ ಬೇಕು! ಹಾಡು, ಕುಣಿತವೂ ಕೈವಶ. ಆದರೂ ಹೆಸರು ತಂದದ್ದು ಟ್ರಂಪೆಟ್ಟೇ. ಲೂಯಿ ಆರ್ಮ್‌ಸ್ಟ್ರಾಂಗ್ ತನ್ನ ನಂತರ ಇವಳೇ ಎಂದನೆಂಬ ಮಾತಿದೆ. ‘ಪುಟ್ಟ ಲೂಯಿ’ ಎಂದೇ ಜನ ಕರೆದರು. ಹೊಗಳಿಕೆಯಲ್ಲೂ ಗಂಡಸಿನ ಹೆಸರು ಬೇಕಾಯಿತು ನೋಡಿ.

1924ರಲ್ಲಿ ಬ್ರಾಡ್‌ವೇ ನಾಟಕ. 1926ರಲ್ಲಿ ಜ್ಯಾಕ್ ಕಾರ್ಟರನ ತಂಡದೊಡನೆ ಶಾಂಘೈ. ಆ ತಂಡದ ಪಿಯಾನೊ ವಾದಕ ಟೆಡ್ಡಿ ವೆದರ್‌ಫರ್ಡ್ ಮುಂದೆ ಕಲ್ಕತ್ತೆಯ ಹೋಟೆಲುಗಳಲ್ಲಿ ನುಡಿಸುತ್ತ, 1945ರಲ್ಲಿ ಅಲ್ಲೇ ಕಾಲರಾದಿಂದ ತೀರಿಕೊಂಡ. ವಲೇಡಾ ಮಾತ್ರ ನಿಂತವಳಲ್ಲ. ಲಂಡನ್ನಿನಲ್ಲಿ ರೆಕಾರ್ಡು ಕೊಟ್ಟಳು, ಫ್ರಾನ್ಸಿನಲ್ಲಿ ಸಿನಿಮಾದಲ್ಲೂ ಕಾಣಿಸಿಕೊಂಡಳು.

ಯುದ್ಧ ಬಂದಾಗ ಡೆನ್ಮಾರ್ಕಿನಲ್ಲಿದ್ದಳು. 1942ರಲ್ಲಿ ಕೈದಿಗಳ ವಿನಿಮಯದ ಹಡಗಿನಲ್ಲಿ ಬಡಕಲಾಗಿ ಊರಿಗೆ ಮರಳಿದಳು. ನಾಜಿಗಳ ಶಿಬಿರದಲ್ಲಿ ಕೊಳೆತೆ ಎಂದು ಹೇಳಿಕೊಂಡಳು, ಪತ್ರಿಕೆಗಳು ನಂಬಿದವು. ಕೆನಡಾದ ಮಾರ್ಕ್ ಮಿಲ್ಲರ್ 2007ರಲ್ಲಿ ಪ್ರಕಟಿಸಿದ ಜೀವನಚರಿತ್ರೆಯಲ್ಲಿ ದಾಖಲೆಗಳನ್ನು ಹುಡುಕಿ, ಅವಳಿದ್ದದ್ದು ಕೋಪನ್‌ಹೇಗನ್ನಿನ ಜೈಲಿನಲ್ಲಿ, ಅಷ್ಟೇ, ಶಿಬಿರದಲ್ಲಲ್ಲ ಎಂದು ತೋರಿಸಿದ. ಮಾದಕ ವಸ್ತುವಿನ ಚಟವೂ ಅಂಟಿತ್ತು.

ಓದಿದಾಗ ಮೊದಲು ಸಿಟ್ಟು ಬಂತು. ಶಿಬಿರಗಳಲ್ಲಿ ನಿಜವಾಗಿ ಸತ್ತವರ ಸಂಕಟವನ್ನು ಇವಳು ಎರವಲು ಪಡೆದಳಲ್ಲ ಎಂದು. ಆಮೇಲೆ ಯೋಚಿಸಿದೆ. ಚಟ, ಜೈಲು ಎಂದು ನಿಜ ನುಡಿದಿದ್ದರೆ ಕರಿಯ ಹೆಂಗಸಿಗೆ ಮತ್ತೆ ಯಾರು ವೇದಿಕೆ ಕೊಡುತ್ತಿದ್ದರು? ಸುಳ್ಳು ಸುಳ್ಳೇ, ಅದನ್ನು ನಾನು ಒಪ್ಪಲಾರೆ. ಆದರೆ ಅವಳ ಮೇಲಿನ ಅಕ್ಕರೆ ಕಡಿಮೆಯಾಗಲಿಲ್ಲ.

ಮತ್ತೆ ಮದುವೆಯಾದಳು, ಮತ್ತೆ ಹಾಡಿದಳು, ಊದಿದಳು. 1956ರ ಮೇ ತಿಂಗಳಲ್ಲಿ ನ್ಯೂಯಾರ್ಕಿನ ಪ್ಯಾಲೇಸ್ ಥಿಯೇಟರಿನ ಕಾರ್ಯಕ್ರಮಗಳ ದಿನಗಳಲ್ಲೇ ಮೆದುಳಿನ ರಕ್ತಸ್ರಾವವಾಯಿತು. 30ನೇ ತಾರೀಖು ತೀರಿಕೊಂಡಳು. ಐವತ್ತೆರಡು ತುಂಬಲು ಮೂರೇ ದಿನ ಬಾಕಿಯಿತ್ತು.