ಟಿಪ್ಪುವನ್ನು ಕಂಡವರು ಕಂಡದ್ದೇನು?

ನವೆಂಬರ್ ಬಂತೆಂದರೆ ಟಿ.ವಿ. ವಾಹಿನಿಗಳಿಂದ ನನಗೆ ಫೋನ್ ಬರುತ್ತದೆ. ಟಿಪ್ಪು ವೀರನೋ ಮತಾಂಧನೋ, ಒಂದು ಮಾತಿನಲ್ಲಿ ಹೇಳಿ ಸಾರ್ ಎನ್ನುತ್ತಾರೆ. 2015ರಲ್ಲಿ ಒಂದು ಸರ್ಕಾರ ಜಯಂತಿ ಶುರು ಮಾಡಿತು, 2019ರಲ್ಲಿ ಇನ್ನೊಂದು ಅದನ್ನು ಕೈಬಿಟ್ಟಿತು. ಫೋನ್ ಮಾತ್ರ ನಿಂತಿಲ್ಲ. ಜಗಳಕ್ಕೆ ಕೂತ ಎರಡೂ ಕಡೆಯವರು ಸಮಕಾಲೀನರ ಮಾತನ್ನೇ ಎತ್ತಿ ತೋರಿಸುತ್ತಾರೆ. ಆ ಮಾತನ್ನು ಆಡಿದವರು ಯಾರು, ಎಲ್ಲಿ ನಿಂತು ಆಡಿದರು ಎಂಬುದನ್ನು ವಿಚಾರಿಸುವವರು ಕಡಿಮೆ. ಎರಡು ಶತಮಾನಗಳಿಂದ ನಡೆದುಬಂದ ಆ ವಿಚಾರಣೆಯ ಲೆಕ್ಕ ಇದು.

ಟಿಪ್ಪುವಿನ ತಂದೆ ಹೈದರ್ ಮೈಸೂರು ರಾಜ್ಯವಾಳಿದರೂ ಒಡೆಯರ ಹೆಸರನ್ನು ಸಿಂಹಾಸನದ ಮೇಲೆ ಉಳಿಸಿಕೊಂಡಿದ್ದ. ಮಗ ಆ ಮುಸುಕನ್ನು ತೆಗೆದ. ತಾನೇ ಬಾದಶಹನೆಂದು ಸಾರಿಕೊಂಡ. 1796ರಲ್ಲಿ ಚಾಮರಾಜ ಒಡೆಯರು ತೀರಿಕೊಂಡಾಗ ಆ ಜಾಗಕ್ಕೆ ಯಾರನ್ನೂ ಕೂರಿಸಲಿಲ್ಲ. ಅದೇ ಕೈ ಪಾಳೆಯಗಾರರನ್ನು ಅಡಗಿಸಿತು, ಪಂಚಾಂಗ, ತೂಕ, ಅಳತೆಗಳಿಗೆ ಹೊಸ ಹೆಸರಿಟ್ಟಿತು, ರೇಷ್ಮೆಗೆ ಒತ್ತಾಸೆ ಕೊಟ್ಟಿತು, ವ್ಯಾಪಾರವನ್ನು ಸರ್ಕಾರದ ಕೆಲಸವಾಗಿಸಿತು. ಸುಧಾರಣೆ ಎಲ್ಲಿ ಮುಗಿಯಿತು, ನಿರಂಕುಶತೆ ಎಲ್ಲಿ ಶುರುವಾಯಿತು ಎಂದು ಗೆರೆ ಎಳೆಯಹೊರಟವರೆಲ್ಲ ಸೋತಿದ್ದಾರೆ.

ಸಮಕಾಲೀನರ ಮಾತಿನ ವಿಚಾರಣೆಯಲ್ಲಿ ಮೊದಲ ಹಂತ ಇಂಗ್ಲಿಷ್ ಅಧಿಕಾರಿಗಳದು. ಕರ್ಕ್‌ಪ್ಯಾಟ್ರಿಕ್ 1811ರಲ್ಲಿ ಟಿಪ್ಪುವಿನ ಆಯ್ದ ಪತ್ರಗಳನ್ನು ಪ್ರಕಟಿಸಿದ, ಮುನ್ನುಡಿಯಲ್ಲೇ ತೀರ್ಪನ್ನೂ ಬರೆದಿಟ್ಟ. ಮಾರ್ಕ್ ವಿಲ್ಕ್ಸ್ ಆ ತೀರ್ಪಿಗೆ ಇತಿಹಾಸದ ಅಂಗಿ ತೊಡಿಸಿದ. ಹೊಸ ಪಂಚಾಂಗ ಅವನಿಗೆ ಬರೀ ಹುಚ್ಚಾಟವಾಗಿ ಕಂಡಿತು. ನಮ್ಮ ಅರವತ್ತು ಸಂವತ್ಸರಗಳ ಚೌಕಟ್ಟೇ ಅದರ ತಳದಲ್ಲಿದೆ ಎಂಬುದು ಪಂಚಾಂಗ ಬಲ್ಲ ಯಾವ ಶಾನುಭೋಗನಿಗೂ ತಿಳಿಯುತ್ತಿತ್ತು. ಗೆದ್ದವರ ಬರಹವೆಂದು ಇವರನ್ನು ಬದಿಗಿಡುವುದು ಈಗಿನ ಫ್ಯಾಶನ್ನು. ಆದರೆ ಅವರಲ್ಲೇ ಒಮ್ಮತವಿರಲಿಲ್ಲ. 1794ರಲ್ಲಿ ಎಡ್ವರ್ಡ್ ಮೂರ್ ಬರೆದದ್ದು ತುಂಬಿದ ಊರುಗಳ, ಉತ್ತ ಹೊಲಗಳ ನಾಡಿನ ಬಗ್ಗೆ. ಥಾಮಸ್ ಮನ್ರೋ 1790ರ ಪತ್ರವೊಂದರಲ್ಲಿ, ಹುಟ್ಟಿನ ದೊಡ್ಡಸ್ತಿಕೆಗೆ ಬೆಲೆ ಕೊಡದ, ಸ್ವತಂತ್ರ ನಾಯಕರನ್ನೆಲ್ಲ ಅಡಗಿಸಿದ ಈ ಆಡಳಿತದಷ್ಟು ಸರಳವೂ ನಿರಂಕುಶವೂ ಆದದ್ದು ಲೋಕದಲ್ಲಿಲ್ಲವೆಂದ. ಒಂದೇ ಉಸಿರಿನ ಆ ಮೆಚ್ಚುಗೆ ಮತ್ತು ಅಂಜಿಕೆ ನನ್ನ ಮಟ್ಟಿಗೆ ಇಡೀ ವಿಷಯದ ಬೀಗದಕೈ.

ಎರಡನೆಯ ಹಂತದಲ್ಲಿ ಪಾರಸಿ ಮೂಲಗಳು ಮುಂದೆ ಬಂದವು. ಕಿರ್ಮಾನಿಯ ‘ನಿಶಾನೆ ಹೈದರಿ’ಯಂಥ ಪಾರಸಿ ಚರಿತ್ರೆಗಳನ್ನು ಆಧರಿಸಿ, 1951ರಲ್ಲಿ ಮೊಹಿಬ್ಬುಲ್ ಹಸನ್ ಬರೆದ ಚರಿತ್ರೆ ವಿಲ್ಕ್ಸ್‌ಗೆ ಉತ್ತರ ಕೊಟ್ಟಿತು. ಒಳ್ಳೆಯ ಉತ್ತರ, ವಕೀಲರ ಉತ್ತರವೂ ಹೌದು.

ನಾನು ಈ ಕ್ಷೇತ್ರಕ್ಕೆ ಬಂದದ್ದು 1970ರ ದಶಕದಲ್ಲಿ. ಎಂ.ಎಚ್. ಗೋಪಾಲರ ‘ಟಿಪ್ಪು ಸುಲ್ತಾನ್ಸ್ ಮೈಸೂರ್’ 1971ರಲ್ಲಿ ಪ್ರಕಟವಾಗಿತ್ತು. ಗುಣಾವಗುಣ ಬಿಟ್ಟು ಕಂದಾಯದ ಲೆಕ್ಕ ನೋಡಿ ಎಂದ ಪುಸ್ತಕ ಅದು. ಬಳಿಕ ಅಶೋಕ್ ಸೇನ್, ನಿಖಿಲೇಶ್ ಗುಹಾ ಆ ದಾರಿಯನ್ನು ಅಗಲ ಮಾಡಿದರು, ಮೈಸೂರಿನಲ್ಲಿ ಬಿ. ಶೇಖ್ ಅಲಿಯವರು ಒಂದು ತಲೆಮಾರನ್ನೇ ಬೆಳೆಸಿದರು. ಬುಕನನ್‌ನನ್ನು ನಾವು ಓದಲು ಕಲಿತದ್ದು ಇವರಿಂದ. 1800ರಲ್ಲಿ ಬೆಂಗಳೂರಿಗೆ ಬಂದ ಈ ವೈದ್ಯ ಪೇಟೆಯ ವ್ಯವಹಾರವನ್ನು ವಿಚಾರಿಸಿ ಬರೆದಿಟ್ಟ. ಆರ್ಕಾಟು, ಹೈದರಾಬಾದುಗಳೊಂದಿಗೆ ವ್ಯಾಪಾರ ಕೂಡದೆಂದು ಸುಲ್ತಾನ ತಡೆದಿದ್ದ. ಸರ್ಕಾರದ ಸರಕನ್ನು ಏರಿಸಿದ ಬೆಲೆಗೆ ವರ್ತಕರ ತಲೆಗೆ ಕಟ್ಟುತ್ತಿದ್ದ. ಸ್ವದೇಶಿ ವಾಣಿಜ್ಯ ನೀತಿಯೆಂದು ನಾವು ಸೆಮಿನಾರುಗಳಲ್ಲಿ ಕೊಂಡಾಡಿದ್ದು ಇದನ್ನೇ. ವರ್ತಕರ ನಷ್ಟ ನಮ್ಮ ಕೋಷ್ಟಕಗಳಲ್ಲಿ ಇತ್ತು, ವಾಕ್ಯಗಳಿಗೆ ಇಳಿಯಲಿಲ್ಲ. ಇದು ನಮ್ಮ ಪಂಥದ ತಪ್ಪು, ನನ್ನದೂ ಹೌದು.

1997ರಲ್ಲಿ ಕೇಟ್ ಬ್ರಿಟಲ್‌ಬ್ಯಾಂಕ್ ಹುಲಿಯ ಚಿಹ್ನೆ, ಬಿರುದು, ಕಾಣಿಕೆಗಳ ಕಡೆ ಗಮನ ತಿರುಗಿಸಿ, ಅರಸೊತ್ತಿಗೆಯ ಮಾನ್ಯತೆ ಹುಡುಕುತ್ತಿದ್ದ ಟಿಪ್ಪುವನ್ನು ತೋರಿಸಿದರು. ಚೊಕ್ಕ ಪುಸ್ತಕ, ಹೊಲದ ಮಣ್ಣು ಅದಕ್ಕೆ ಮೆತ್ತಿಲ್ಲ.

ಇನ್ನು ಬಿಟ್ಟುಹೋದವರು. 1784ರಲ್ಲಿ ಮಂಗಳೂರಿನ ಕ್ರೈಸ್ತರನ್ನು ಶ್ರೀರಂಗಪಟ್ಟಣಕ್ಕೆ ಸೆರೆ ಒಯ್ದದ್ದು, ಕೊಡವರನ್ನು ಊರು ಬಿಡಿಸಿ ಸಾಗಿಸಿದ್ದು ಬಹುಕಾಲ ಅಡಿಟಿಪ್ಪಣಿಯಲ್ಲಿ ಉಳಿದವು. ಟಿಪ್ಪು ತಮ್ಮ ಹಿರಿಯರನ್ನು ಕೊಲ್ಲಿಸಿದ ದಿನವೆಂದು ಮಂಡ್ಯಂ ಅಯ್ಯಂಗಾರರ ಎಷ್ಟೋ ಮನೆಗಳಲ್ಲಿ ಇಂದಿಗೂ ನರಕ ಚತುರ್ದಶಿಯಿಲ್ಲ. ಆ ನೆನಪನ್ನು ದಾಖಲೆಯಿಲ್ಲವೆಂದು ತಳ್ಳುವವರೇ ಟಿಪ್ಪುವಿನ ಲಾವಣಿಯನ್ನು ದಾಖಲೆಯೆಂದು ಒಪ್ಪುತ್ತಾರೆ. ಇತ್ತ, 1791ರಲ್ಲಿ ಮರಾಠರ ದಂಡು ಶೃಂಗೇರಿ ಮಠವನ್ನು ಸೂರೆ ಮಾಡಿದ ಮೇಲೆ ಟಿಪ್ಪು ನೆರವು ಕೊಟ್ಟು ಅಲ್ಲಿನ ಸ್ವಾಮಿಗಳಿಗೆ ಕನ್ನಡದಲ್ಲಿ ಬರೆಸಿದ ಪತ್ರಗಳು 1916ರಲ್ಲಿ ಆರ್. ನರಸಿಂಹಾಚಾರ್ಯರ ಕಣ್ಣಿಗೆ ಬಿದ್ದವು. ಒಬ್ಬರು ಶೃಂಗೇರಿಯಿಂದ ಮಂಗಳೂರನ್ನು ಮುಚ್ಚುತ್ತಾರೆ, ಇನ್ನೊಬ್ಬರು ಮಂಗಳೂರಿನಿಂದ ಶೃಂಗೇರಿಯನ್ನು. ಮಠವನ್ನು ಎತ್ತಿಹಿಡಿದದ್ದೂ ಜನರನ್ನು ಕಿತ್ತು ಸಾಗಿಸಿದ್ದೂ ಕೇಳುವವರಿಲ್ಲದ ಅದೇ ಅಧಿಕಾರ. ಸಮಕಾಲೀನರು ಇಬ್ಬಗೆಯಾದದ್ದು ಹೆಚ್ಚಾಗಿ ಅದರ ಯಾವ ಕೈ ತಮ್ಮನ್ನು ಮುಟ್ಟಿತು ಎಂಬುದರ ಮೇಲೆ.

ಈ ಸಮೀಕ್ಷೆಯಲ್ಲಿ ಕನ್ನಡ ಮೂಲಗಳು ಕೊನೆಗೆ ಬಂದಿವೆ. ಕ್ಷೇತ್ರದಲ್ಲೂ ಅವುಗಳ ಸರತಿ ಅಷ್ಟೇ. 1784ರ ‘ಹೈದರ್ ನಾಮೆ’ ಕನ್ನಡ ಬರಹ. ಅದನ್ನು ಉಲ್ಲೇಖಿಸುವವರಲ್ಲಿ ಓದಿದವರು ಎಷ್ಟು ಮಂದಿಯೋ. ಸರ್ವೆ ಅಧಿಕಾರಿ ಮೆಕೆಂಜಿ ಊರೂರಲ್ಲಿ ಬರೆಸಿದ ಕೈಫಿಯತ್ತುಗಳನ್ನು ಎಂ.ಎಂ. ಕಲಬುರ್ಗಿಯವರು, ಶೃಂಗೇರಿಯ ಕಡತಗಳನ್ನು ಎ.ಕೆ. ಶಾಸ್ತ್ರಿಯವರು ಸಂಪಾದಿಸಿಟ್ಟಿದ್ದರೂ ಟಿಪ್ಪುವಿನ ಪುಸ್ತಕಗಳಲ್ಲಿ ಅವು ಅಪರೂಪದ ಅತಿಥಿಗಳು. ಯಾರ ಇನಾಂ ಹೋಯಿತು, ಯಾವ ಕೆರೆ ದುರಸ್ತಿಯಾಯಿತು, ಯಾವ ಗೌಡ ಊರು ಬಿಟ್ಟ ಎಂದು ಊರೂರಿನ ಲೆಕ್ಕದಿಂದ ಕಟ್ಟಿದ ಟಿಪ್ಪು ಇನ್ನೂ ನಮಗೆ ಸಿಕ್ಕಿಲ್ಲ.

ಬುಕನನ್ ಪೇಟೆಯ ಮಾತನ್ನು ದುಭಾಷಿಯ ಬಾಯಿಂದ ಕೇಳಿದ. ನಮಗೆ ದುಭಾಷಿ ಬೇಕಿಲ್ಲ. ಹೊಸದಾಗಿ ಈ ವಿಷಯಕ್ಕೆ ಬರುವ ವಿದ್ಯಾರ್ಥಿಗಳಲ್ಲಿ ಒಂದೇ ಕೋರಿಕೆ: ತೀರ್ಪು ಕೊಡುವ ಮುಂಚೆ ಒಂದು ವರ್ಷ ಕಡತ ಓದುವುದನ್ನು ಕಲಿಯಿರಿ.